ದ್ರವ್ಯದ ಪಾಠ ಗಾಳಿಯಿಂದ ಆರಂಭವಾಗಲಿ

ಚಿಕ್ಕ ಮಕ್ಕಳಿಗೆ ದ್ರವ್ಯದ ಸ್ಥಿತಿಗಳನ್ನು ಕಲಿಸುವ ಪಾಠ ಬಹುತೇಕ ಒಂದೇ ಕ್ರಮದಲ್ಲಿ ಸಾಗುತ್ತದೆ: ಮೊದಲು ಘನ, ಆಮೇಲೆ ದ್ರವ, ಕೊನೆಗೆ ಅನಿಲ. ಕಲ್ಲು, ಮರ, ಕಬ್ಬಿಣ ಎಂದು ಪಟ್ಟಿ ಮಾಡುವುದರಲ್ಲಿ ಒಂದು ಇಡೀ ತರಗತಿ ಕಳೆಯುತ್ತದೆ. ನೀರು, ಎಣ್ಣೆ ಎನ್ನುವಷ್ಟರಲ್ಲಿ ದ್ರವವೂ ಮುಗಿಯುತ್ತದೆ. ಅನಿಲಕ್ಕೆ ಉಳಿಯುವುದು ಗಂಟೆ ಹೊಡೆಯುವುದಕ್ಕೆ ಮುಂಚಿನ ಕೆಲವು ನಿಮಿಷಗಳು ಮಾತ್ರ. ಮಕ್ಕಳಿಗೆ ವಿಜ್ಞಾನ ಕಲಿಸುತ್ತಾ ಬಂದಿರುವ ನನಗೆ ಈ ಕ್ರಮವೇ ತಲೆಕೆಳಗಾಗಿದೆ ಎಂದು ದೃಢವಾಗಿ ಅನ್ನಿಸುತ್ತದೆ. ಕಲ್ಲು ಒಂದು ವಸ್ತು ಎಂಬುದನ್ನು ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಗೆ ಕಾಣದ ಗಾಳಿಯೂ ಕಲ್ಲಿನಂತೆಯೇ ದ್ರವ್ಯ, ಅದೂ ಜಾಗ ಹಿಡಿಯುತ್ತದೆ, ಅದಕ್ಕೂ ತೂಕವಿದೆ ಎಂಬುದು ಮಾತ್ರ ಮಗುವಿಗೆ ಸುಲಭವಾಗಿ ನಿಲುಕುವುದಿಲ್ಲ. ಇಡೀ ಪಾಠದ ಭಾರ ಇರುವುದು ಅಲ್ಲಿ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಗಾಳಿಗೆ ತೂಕವಿದೆ ಎಂದು ಒಪ್ಪಿಕೊಳ್ಳಲು ದೊಡ್ಡ ಚಿಂತಕರಿಗೂ ಶತಮಾನಗಳು ಬೇಕಾದವು. ಬೋರಲು ಹಾಕಿದ ಕೊಳವೆಯಲ್ಲಿ ಸುಮಾರು 76 ಸೆಂಟಿಮೀಟರ್ ಎತ್ತರದ ಪಾದರಸ ಕೆಳಗೆ ಸುರಿಯದೆ ನಿಲ್ಲುವುದಕ್ಕೆ ಹೊರಗಿನ ಗಾಳಿಯ ಭಾರವೇ ಕಾರಣ ಎಂದು ಇಟಲಿಯ ಟಾರಿಚೆಲ್ಲಿ ವಿವರಿಸಿದ್ದು 1640ರ ದಶಕದಲ್ಲಿ. ತರಗತಿಗೆ ಪಾದರಸ ತರುವ ಅಗತ್ಯವಿಲ್ಲ. ಅದು ವಿಷ, ತರಲೂ ಬಾರದು. ಸಣ್ಣ ತೂಕವನ್ನೂ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಫುಟ್‌ಬಾಲ್, ಒಂದು ಪಂಪು ಇದ್ದರೆ ಸಾಕು. ಚೆಂಡು ದುಂಡಗಾಗುವಷ್ಟು ಗಾಳಿ ಮೊದಲೇ ಇರಲಿ. ಅದನ್ನು ತೂಗಿ, ಇನ್ನಷ್ಟು ಗಾಳಿ ಒತ್ತಿ ತುಂಬಿ, ಮತ್ತೆ ತೂಗಿದರೆ ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ಇದೇ ಪ್ರಯೋಗವನ್ನು ಬಲೂನಿನಲ್ಲಿ ತೋರಿಸುವ ವಾಡಿಕೆ ಇದೆ; ಆದರೆ ಬಲೂನು ಉಬ್ಬಿದಂತೆಲ್ಲ ಸುತ್ತಲಿನ ಗಾಳಿ ಅದನ್ನು ಮೇಲಕ್ಕೆತ್ತುವ ಬಲವೂ ಹೆಚ್ಚುವುದರಿಂದ ತಕ್ಕಡಿಯಲ್ಲಿ ಕಾಣುವ ವ್ಯತ್ಯಾಸ ತೀರ ಅಲ್ಪ. ಚೆಂಡಿನ ಗಾತ್ರ ಹೆಚ್ಚುಕಡಿಮೆ ಬದಲಾಗದೆ ತೂಕ ಮಾತ್ರ ಏರುವುದೇ ಅದರ ಅನುಕೂಲ.

ಅದಾದ ಮೇಲೆ ಕೋಣೆಯ ಲೆಕ್ಕ ಮಾಡಿಸಬೇಕು. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಕೋಣೆಯಲ್ಲಿ 27 ಘನ ಮೀಟರ್, ಅಂದರೆ ಸುಮಾರು 32 ಕಿಲೋ ಗಾಳಿ ಇರುತ್ತದೆ. ತಮ್ಮದೇ ತೂಕಕ್ಕೆ ಹತ್ತಿರದ ಈ ಸಂಖ್ಯೆಯನ್ನು ಮಕ್ಕಳು ತಾವೇ ಗುಣಿಸಿ ಕಂಡುಕೊಂಡಾಗ ‘ಖಾಲಿ ಕೋಣೆ’ ಎಂಬ ಮಾತನ್ನು ಅವರೇ ಪ್ರಶ್ನಿಸಲು ತೊಡಗುತ್ತಾರೆ.

ಗಾಳಿ ದ್ರವ್ಯವೆಂದು ಮನಸ್ಸಿಗೆ ಇಳಿಯದ ಮಗುವಿಗೆ ಆವಿಯಾಗುವಿಕೆಯೂ ಅರ್ಥವಾಗುವುದಿಲ್ಲ. ತಟ್ಟೆಯಲ್ಲಿದ್ದ ನೀರು ಒಣಗಿದರೆ ಅದು ‘ಇಲ್ಲವಾಯಿತು’ ಎಂದೇ ಅದು ತಿಳಿಯುತ್ತದೆ. ಕುದಿಯುವ ನೀರಿನ ಗುಳ್ಳೆಗಳಲ್ಲಿ ಏನಿದೆ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. ನ್ಯೂಜಿಲೆಂಡ್‌ನ ಆಸ್ಬೋರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು 8ರಿಂದ 17 ವರ್ಷದವರೆಗಿನ ವಿದ್ಯಾರ್ಥಿಗಳನ್ನು ಇದೇ ಪ್ರಶ್ನೆ ಕೇಳಿ 1983ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಗುಳ್ಳೆಯೊಳಗೆ ಗಾಳಿ ಇದೆ, ಶಾಖ ಇದೆ, ಆಮ್ಲಜನಕ ಮತ್ತು ಜಲಜನಕ ಇವೆ ಎಂಬಂಥ ಉತ್ತರಗಳು ಅವರಿಗೆ ಸಿಕ್ಕವು. ಕೊನೆಯ ಉತ್ತರ ಹೇಳುವವರು ದೊಡ್ಡ ತರಗತಿಯ ಮಕ್ಕಳು, ಅಂದರೆ ಪಾಠವನ್ನು ಚೆನ್ನಾಗಿ ಓದಿಕೊಂಡವರು, ಎಂಬುದು ನಮ್ಮನ್ನು ಚಿಂತೆಗೆ ಹಚ್ಚಬೇಕು. ನೀರಿನ ಸೂತ್ರವನ್ನು ಬಾಯಿಪಾಠ ಮಾಡಿದ ಮಗು, ಕುದಿಯುವಾಗ ನೀರು ನೀರಾಗಿಯೇ ಉಳಿಯುತ್ತದೆ ಎಂಬ ಮುಖ್ಯ ಸಂಗತಿಯನ್ನು ಕೈಬಿಟ್ಟಿರುತ್ತದೆ. ಪಾತ್ರೆಯ ಮೇಲೆ ಕಾಣುವ ಬಿಳಿಯ ಹೊಗೆಯೇ ನೀರಾವಿ ಎಂದು ಹೇಳುವ ಅಭ್ಯಾಸವನ್ನು ಶಿಕ್ಷಕರೂ ಬಿಡಬೇಕು. ಆವಿ ಕಣ್ಣಿಗೆ ಕಾಣುವುದಿಲ್ಲ, ಕಾಣುವುದು ಅದು ತಣಿದು ಆದ ಸಣ್ಣ ಹನಿಗಳು.

ತಣ್ಣನೆಯ ನೀರಿರುವ ಲೋಟದ ಹೊರಮೈ ಮೇಲೆ ಹನಿಗಳು ಮೂಡಿದಾಗ, ನೀರು ಒಳಗಿನಿಂದ ಜಿನುಗಿತು ಎಂದು ಅನೇಕ ಮಕ್ಕಳು ವಾದಿಸುತ್ತಾರೆ. ಅದನ್ನು ತಪ್ಪೆಂದು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಬೇಕು. ಒಳಗಿನ ನೀರಿಗೆ ಬಣ್ಣ ಬೆರೆಸಿದರೆ ಹೊರಗಿನ ಹನಿಗೆ ಬಣ್ಣ ಬರುತ್ತದೆಯೇ? ಮುಚ್ಚಿದ ಲೋಟವನ್ನು ತಕ್ಕಡಿಯ ಮೇಲಿಟ್ಟರೆ ಹನಿ ಮೂಡಿದಂತೆ ತೂಕ ಏರುತ್ತದೆಯೇ, ಹಾಗೆಯೇ ಇರುತ್ತದೆಯೇ? ಏರುತ್ತದೆ. ಆ ಹೆಚ್ಚಿನ ತೂಕ ಎಲ್ಲಿಂದ ಬಂತೆಂದು ಕೇಳಿದಾಗ ಉತ್ತರ ಮತ್ತೆ ಗಾಳಿಗೇ ಬಂದು ನಿಲ್ಲುತ್ತದೆ.

ಇನ್ನು ವ್ಯಾಖ್ಯಾನಗಳ ಮಾತು. ದ್ರವಕ್ಕೆ ಸ್ವಂತ ಆಕಾರವಿಲ್ಲ, ಅದು ಪಾತ್ರೆಯ ಆಕಾರ ತಾಳುತ್ತದೆ ಎಂದು ಬರೆಸಿದ ಮರುಕ್ಷಣ ಯಾವುದಾದರೂ ಮಗು ಮರಳನ್ನು ಮುಂದಿಡಬೇಕು. ಮಗು ಇಡದಿದ್ದರೆ ನಾವೇ ಇಡಬೇಕು. ಮರಳು ಸುರಿಯುತ್ತದೆ, ಪಾತ್ರೆಯಲ್ಲಿ ಹರಡಿಕೊಳ್ಳುತ್ತದೆ, ಆದರೆ ನೆಲದ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ, ಮಸೂರದಲ್ಲಿ ನೋಡಿದರೆ ಒಂದೊಂದು ಕಣವೂ ಗಟ್ಟಿ. ಇಂಥ ವಾದದಲ್ಲಿ ಕಳೆದ ಅರ್ಧ ಗಂಟೆ ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚು ಕಲಿಸುತ್ತದೆ. ಡಾಂಬರಿನಂಥ ಪಿಚ್ ಎಂಬ ವಸ್ತು ಸುತ್ತಿಗೆಯ ಪೆಟ್ಟಿಗೆ ಚೂರಾಗುತ್ತದೆ. ಆದರೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಆರಂಭವಾದ ಪ್ರಯೋಗದಲ್ಲಿ ಅದೇ ಪಿಚ್ ಲಾಳಿಕೆಯಿಂದ ಹಲವು ವರ್ಷಗಳಿಗೊಮ್ಮೆ ಒಂದು ಹನಿಯಂತೆ ತೊಟ್ಟಿಕ್ಕುತ್ತಾ ಬಂದಿದೆ. ಗಟ್ಟಿಯಾಗಿ ಕಾಣುವುದೆಲ್ಲ ಘನವಲ್ಲ ಎಂದು ತಿಳಿದು ಮಕ್ಕಳು ಗೊಂದಲಕ್ಕೊಳಗಾಗುವುದಿಲ್ಲ, ಕುತೂಹಲಗೊಳ್ಳುತ್ತಾರೆ.

‘ಕಬ್ಬಿಣ ಘನ, ಸಾರಜನಕ ಅನಿಲ’ ಎಂಬ ವಾಕ್ಯಗಳೂ ಅರ್ಧ ಮಾತ್ರ. ಯಾವ ಉಷ್ಣತೆಯಲ್ಲಿ ಎಂಬುದನ್ನು ಸೇರಿಸಬೇಕು. ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ದ್ರವವಾಗುತ್ತದೆ, ಗ್ಯಾಲಿಯಂ ಎಂಬ ಲೋಹ 30 ಡಿಗ್ರಿಯ ಹತ್ತಿರವೇ ಕರಗುವುದರಿಂದ ಅಂಗೈ ಬಿಸಿಗೇ ನೀರಾಗುತ್ತದೆ. ಸ್ಥಿತಿ ವಸ್ತುವಿಗೆ ಅಂಟಿಕೊಂಡ ಗುಣವಲ್ಲ, ಅದು ಆ ಹೊತ್ತಿನಲ್ಲಿ ಇರುವ ಬಗೆ.

ಕಣಗಳ ಚಿತ್ರದ ಬಗ್ಗೆ ನನ್ನ ಆಕ್ಷೇಪಣೆ ಸ್ವಲ್ಪ ಗಟ್ಟಿಯಾಗಿಯೇ ಇದೆ. ಮೂರು ಚೌಕಗಳಲ್ಲಿ ಚುಕ್ಕೆಗಳನ್ನಿಟ್ಟು, ಘನದಲ್ಲಿ ಒತ್ತಾಗಿ, ದ್ರವದಲ್ಲಿ ಮಧ್ಯಮ ಅಂತರದಲ್ಲಿ, ಅನಿಲದಲ್ಲಿ ದೂರ ದೂರವಾಗಿ ಬರೆಯುವ ಚಿತ್ರ ಬಹಳ ಪುಸ್ತಕಗಳಲ್ಲಿದೆ. ನಡುವಿನ ಚೌಕ ತಪ್ಪು. ದ್ರವದ ಕಣಗಳು ಘನದ ಕಣಗಳಷ್ಟೇ ಹೆಚ್ಚುಕಡಿಮೆ ಒತ್ತಾಗಿರುತ್ತವೆ. ವ್ಯತ್ಯಾಸವೇನೆಂದರೆ ಅವು ಜಾಗ ಬದಲಾಯಿಸುತ್ತಾ ಸರಿದಾಡಬಲ್ಲವು. ನೀರಿನ ವಿಷಯದಲ್ಲಂತೂ ಮಂಜುಗಡ್ಡೆಯಲ್ಲೇ ಜಾಗ ಹೆಚ್ಚು: ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಅದೇ ನೀರು 100 ಡಿಗ್ರಿಯಲ್ಲಿ ಆವಿಯಾದಾಗ ಗಾತ್ರ 1600 ಪಟ್ಟಿಗಿಂತಲೂ ಹೆಚ್ಚಾಗುತ್ತದೆ, ಅಂದರೆ ಕಣಗಳ ನಡುವಿನ ಅಂತರ ಸರಿಸುಮಾರು ಹನ್ನೆರಡು ಪಟ್ಟು. ದೊಡ್ಡ ಜಿಗಿತ ಇರುವುದು ದ್ರವಕ್ಕೂ ಅನಿಲಕ್ಕೂ ನಡುವೆ. ಸೂಜಿಯಿಲ್ಲದ ಎರಡು ಸಿರಿಂಜ್‌ಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿದರೆ ಮಕ್ಕಳ ಕೈಗೇ ಇದು ತಿಳಿಯುತ್ತದೆ. ಒಂದು ಒತ್ತಿದಷ್ಟೂ ಕುಗ್ಗಿ ಮತ್ತೆ ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಜಗ್ಗುವುದೇ ಇಲ್ಲ. ಚುಕ್ಕೆಗಳ ಚಿತ್ರವನ್ನು ಇದಾದ ಮೇಲೆ ಮಕ್ಕಳಿಂದಲೇ ಬರೆಸಬೇಕು.

ಪ್ಲಾಸ್ಮಾ, ಬೋಸ್–ಐನ್‌ಸ್ಟೈನ್ ಸಾಂದ್ರಿತ ಮುಂತಾದ ಸ್ಥಿತಿಗಳ ಹೆಸರುಗಳನ್ನು ಈ ವಯಸ್ಸಿನಲ್ಲಿ ಕಲಿಸುವ ಉತ್ಸಾಹ ಅನೇಕರಿಗಿದೆ. ಸೂರ್ಯನ ವಿಷಯ ಬಂದಾಗ ಪ್ಲಾಸ್ಮಾ ಎಂಬ ಹೆಸರು ಹೇಳಿದರೆ ಸಾಕು. ಉಳಿದದ್ದು ಮುಂದಿನ ತರಗತಿಗಳಿಗಿರಲಿ.

ಪ್ರಶ್ನೆಪತ್ರಿಕೆ ಬದಲಾಗದೆ ಇದಾವುದೂ ತರಗತಿಯಲ್ಲಿ ಉಳಿಯುವುದಿಲ್ಲ ಎಂಬುದೂ ನಿಜ. ‘ಘನ ಎಂದರೇನು? ಎರಡು ಉದಾಹರಣೆ ಕೊಡಿ’ ಎಂಬ ಪ್ರಶ್ನೆಯ ಜಾಗದಲ್ಲಿ, ‘ಗಾಳಿಯಾಡದಂತೆ ಮುಚ್ಚಿದ ಚೀಲದಲ್ಲಿದ್ದ ಮಂಜುಗಡ್ಡೆ ಪೂರ್ತಿ ಕರಗಿತು, ಅದರ ತೂಕ ಬದಲಾಯಿತೇ, ಗಾತ್ರ ಬದಲಾಯಿತೇ, ನಿಮ್ಮ ಉತ್ತರಕ್ಕೆ ಕಾರಣವೇನು?’ ಎಂದು ಕೇಳಬಹುದು. ಐದು ಅಂಕದ ಈ ಪ್ರಶ್ನೆಯಲ್ಲಿ ನಾನಾದರೆ ಮೂರು ಅಂಕವನ್ನು ಕಾರಣಕ್ಕೇ ಮೀಸಲಿಡುತ್ತೇನೆ.