ಸಾಸಿವೆಕಾಳಿನ ಮಾತು ಹೇಳಿದ್ದು ಯಾರಿಗೆ?

ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಬೆಂಕಿ ಇಟ್ಟ ಹಾಗಾಗಿದೆ. ರಾತ್ರಿ ನಿದ್ದೆ ಬರಲಿಲ್ಲ. ಬರೆದೇ ಬಿಡುತ್ತೇನೆ.

ಲಿಂಗರಾಜಪುರದಲ್ಲಿ ನಮಗೆ ತುಂಬಾ ಬೇಕಾದವರ ಮನೆಯಲ್ಲಿ ಪ್ರಾರ್ಥನೆ ಇತ್ತು. ಆ ಮನೆಯ ಅಣ್ಣ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಎರಡು ವರ್ಷ ಡಯಾಲಿಸಿಸ್, ವಾರಕ್ಕೆ 3 ಸಲ. ಅವರ ಹೆಂಡತಿ, ನಮಗೆಲ್ಲ ಅಕ್ಕ, ಬೆಳಗಿನ ಜಾವ ಎದ್ದು ಅವರಿಗೆ ಉಪ್ಪು ಕಡಿಮೆ ಹಾಕಿ ಬೇರೆ ಅಡುಗೆ ಮಾಡುತ್ತಿದ್ದರು. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಆಟೋದಲ್ಲಿ ಕರೆದುಕೊಂಡು ಹೋಗಿ, ಆ ಮಷೀನಿನ ಪಕ್ಕ 4 ಗಂಟೆ ಕೂತು ಸತ್ಯವೇದದ (ಬೈಬಲಿನ) ಕೀರ್ತನೆಗಳನ್ನು ಓದುತ್ತಿದ್ದರು. ಶುಕ್ರವಾರ ಉಪವಾಸ. ಒಂದು ಶುಕ್ರವಾರವೂ ತಪ್ಪಿಸಿದ್ದು ನಾನು ನೋಡಿಲ್ಲ.

ನಿನ್ನೆ ದೇವರ ವಾಕ್ಯ ಹೇಳಲು ಬಂದಿದ್ದವರು ಹೊರಗಿನ ಒಬ್ಬ ಪ್ರಸಂಗಿ. ಚೆನ್ನಾಗಿ ಮಾತಾಡುತ್ತಾರೆ ಅಂತ ಯಾರೋ ಕರೆಸಿದ್ದರು. ಅವರು ಅಕ್ಕನ ಕಡೆ ತಿರುಗಿ, ಎಲ್ಲರ ಎದುರಿಗೇ ಹೇಳಿದರು: "ಅಮ್ಮಾ, ಸಾಸಿವೆಕಾಳಿನಷ್ಟು ನಂಬಿಕೆ ಇದ್ದಿದ್ದರೆ ಬ್ರದರ್ ಇವತ್ತು ಇಲ್ಲೇ ಕೂತಿರುತ್ತಿದ್ದರು. ಎಲ್ಲೋ ಒಂದು ಕಡೆ ಸಂದೇಹ ಒಳಗೆ ಬಂದಿದೆ. ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ."

ಅಕ್ಕ ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಕೊನೆಯಲ್ಲಿ ಎಲ್ಲರ ಜೊತೆ ಆಮೆನ್ ಅಂದೆ. ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಸತ್ಯವೇದ ಕಲಿಸಿದವಳು ನಾನು, ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ಆಮೆನ್ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಮನೆಗೆ ಬಂದು ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯ ತೆಗೆದೆ. ದಯವಿಟ್ಟು ನೀವೂ ತೆಗೆದು ನೋಡಿ. ಒಬ್ಬ ತಂದೆ ಮೂರ್ಛೆರೋಗದ ಮಗನನ್ನು ಶಿಷ್ಯರ ಹತ್ತಿರ ತಂದಿದ್ದಾನೆ. ಅವರ ಕೈಲಿ ವಾಸಿ ಮಾಡಲು ಆಗಿಲ್ಲ. ಯೇಸು ಬಂದು ಹುಡುಗನನ್ನು ವಾಸಿ ಮಾಡುತ್ತಾನೆ. ಆಮೇಲೆ ಶಿಷ್ಯರು ಅವನನ್ನೇ ಪ್ರತ್ಯೇಕವಾಗಿ ಕೇಳುತ್ತಾರೆ, ನಮ್ಮಿಂದ ಯಾಕೆ ಆಗಲಿಲ್ಲ ಅಂತ. ಅದಕ್ಕೆ ಯೇಸು ಕೊಡುವ ಉತ್ತರವೇ ಈ ಸಾಸಿವೆಕಾಳು: ಅಷ್ಟು ನಂಬಿಕೆ ಇದ್ದರೆ ಬೆಟ್ಟವೂ ಸರಿಯುತ್ತದೆ ಅಂತ. ನಿಮ್ಮ ನಂಬಿಕೆ ಕಡಿಮೆ ಇರುವುದರಿಂದ ಆಗಲಿಲ್ಲ ಅಂತ ಅವನು ಅಂದದ್ದು ಶಿಷ್ಯರಿಗೆ. ಸೇವೆ ಮಾಡಲು ಹೊರಟವರಿಗೆ. ರೋಗಿಯ ತಂದೆಗಲ್ಲ!

ಆ ತಂದೆಗೆ ಏನು ಹೇಳಿದ? ಅದು ಇದೇ ಘಟನೆಯನ್ನು ಹೇಳುವ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಮೊದಲು ಯೇಸು ಒಂದು ಪ್ರಶ್ನೆ ಕೇಳುತ್ತಾನೆ: ಹುಡುಗನಿಗೆ ಹೀಗಾಗಿ ಎಷ್ಟು ದಿನವಾಯಿತು? ಚಿಕ್ಕಂದಿನಿಂದ ಅನ್ನುತ್ತಾನೆ ತಂದೆ. ಬೆಂಕಿಯಲ್ಲಿ ಬಿದ್ದಿದ್ದಾನೆ, ನೀರಿನಲ್ಲಿ ಬಿದ್ದಿದ್ದಾನೆ, ನಿನ್ನ ಕೈಲಿ ಏನಾದರೂ ಆಗುವುದಾದರೆ ನಮ್ಮ ಮೇಲೆ ಕರುಣೆ ಇಡು ಅನ್ನುತ್ತಾನೆ. 'ಆಗುವುದಾದರೆ' ಅನ್ನುವುದರಲ್ಲೇ ಸಂದೇಹ ಇದೆ, ಅಲ್ವಾ? ನಂಬುವವನಿಗೆ ಎಲ್ಲವೂ ಆಗುತ್ತದೆ ಅಂತ ಯೇಸು ಹೇಳಿದ್ದು ನಿಜ. ಆಗ ಆ ತಂದೆ ಕೂಗುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆ ಹೋಗುವಂತೆ ಸಹಾಯಮಾಡು. ನಂಬಿಕೆ, ಅಪನಂಬಿಕೆ, ಎರಡೂ ಒಂದೇ ಬಾಯಲ್ಲಿ, ಒಂದೇ ಉಸಿರಿನಲ್ಲಿ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮೊದಲು ಸಂದೇಹ ಬಿಟ್ಟು ಬಾ ಅನ್ನಲಿಲ್ಲ. ಹುಡುಗನ ಕೈ ಹಿಡಿದು ಎಬ್ಬಿಸಿದ.

ನಿನ್ನೆ ಬಂದವರು ಅಕ್ಕನನ್ನು 'ಎಷ್ಟು ದಿನದಿಂದ' ಅಂತ ಒಂದು ಮಾತು ಕೇಳಲಿಲ್ಲ.

ಕೆಲವರು ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆ ತೆಗೆಯುತ್ತೀರಿ ಅಂತ ಗೊತ್ತು. ಸಂದೇಹಪಡುವವನು ಸಮುದ್ರದ ಅಲೆಯ ಹಾಗೆ ಅಂತ 1ನೇ ಅಧ್ಯಾಯದಲ್ಲಿ ಬರೆದಿದೆ, ಒಪ್ಪುತ್ತೇನೆ. ಆದರೆ ಅದು ದೇವರ ಹತ್ತಿರ ಜ್ಞಾನ ಕೇಳುವವನ ವಿಷಯ. ಗಂಡನನ್ನು ಮಣ್ಣು ಮಾಡಿ ಬಂದವಳ ವಿಷಯ ಅಲ್ಲ. ರೋಗಿಯ ಬಗ್ಗೆ ಯಾಕೋಬ ಏನು ಹೇಳುತ್ತಾನೆ ಅಂತ ತಿಳಿಯಬೇಕಾದರೆ 5ನೇ ಅಧ್ಯಾಯಕ್ಕೆ ಬನ್ನಿ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ನಂಬಿಕೆಯಿಂದ ಪ್ರಾರ್ಥಿಸಬೇಕಾದವರು ಅಲ್ಲಿ ಹಿರಿಯರು. ಮಾರ್ಕ 2ರಲ್ಲಿ ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸುತ್ತಾರಲ್ಲ, ಅಲ್ಲೂ ಯೇಸು 'ಅವರ' ನಂಬಿಕೆಯನ್ನು ನೋಡಿದ ಅಂತಿದೆ. ಹೊತ್ತು ತಂದವರದ್ದು. ಹಾಗಾದರೆ ಅಣ್ಣನ ವಿಷಯದಲ್ಲಿ ನಂಬಿಕೆ ಕಡಿಮೆಯಾಗಿದ್ದೇ ನಿಜವಾದರೆ, ಪರೀಕ್ಷೆ ಮಾಡಿಕೊಳ್ಳಬೇಕಾದವರು ಯಾರು? ಹೊರಬೇಕಾಗಿದ್ದ ನಾವು. ಅಕ್ಕ ಒಬ್ಬರೇ ಎರಡು ವರ್ಷ ಹೊತ್ತರು.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳು ನನಗೆ ಪ್ರಾರ್ಥನೆ ನಿಂತೇ ಹೋಗಿತ್ತು. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಚರ್ಚಿಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಒಳಗೆ ಏನೂ ಇರಲಿಲ್ಲ. ಆಗ ನಮ್ಮ ಚರ್ಚಿನ ಹಳೆಯ ಅಯ್ಯನವರು (ಪಾದ್ರಿ) ಒಂದು ಮಧ್ಯಾಹ್ನ ಬಸ್ ಹತ್ತಿ ಮನೆಗೆ ಬಂದರು. ಅಮ್ಮನ ಪಕ್ಕ ತುಂಬಾ ಹೊತ್ತು ಸುಮ್ನೆ ಕೂತರು. ಕಾಫಿ ಕುಡಿದರು. ಅಯ್ಯನವರೇ, ನನಗೆ ಪ್ರಾರ್ಥನೆ ಬರ್ತಿಲ್ಲ ಅಂತ ಅಳುತ್ತಾ ಹೇಳಿದೆ. "ಬಿಡಮ್ಮ, ಈಗ ನಾವು ಮಾಡ್ತೀವಿ. ನಿನಗೆ ಬಂದಾಗ ನೀನು ಮಾಡುವಿಯಂತೆ" ಅಂದರು. ಆಮೇಲೆ 88ನೇ ಕೀರ್ತನೆ ಓದಿದರು. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಎಲ್ಲೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದೂ ಸತ್ಯವೇದದಲ್ಲಿ ಇದೆಯಾ ಅಂತ ಆಶ್ಚರ್ಯಪಟ್ಟೆ. ನಾನು ಇವತ್ತು ವಿಶ್ವಾಸಿಯಾಗಿ ಉಳಿದಿದ್ದರೆ ಆ ಮಧ್ಯಾಹ್ನದಿಂದ.

ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಮೂವರು ಗೆಳೆಯರೂ ಮೊದಲು ಹಾಗೇ ಕೂತಿದ್ದರು. ಏಳು ಹಗಲು, ಏಳು ರಾತ್ರಿ, ನೆಲದ ಮೇಲೆ, ಮಾತಿಲ್ಲದೆ. ಬಾಯಿ ತೆರೆದ ಮೇಲೆ ಕೆಟ್ಟರು. ನಿನ್ನಲ್ಲೇ ಏನೋ ತಪ್ಪಿದೆ ಅಂತ ಶುರುಮಾಡಿದರು. ಕೊನೆಯಲ್ಲಿ ದೇವರ ಕೋಪ ಬಂದದ್ದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಉತ್ತರ ಗೊತ್ತಿದ್ದ ಈ ಮೂವರ ಮೇಲೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಯೇಸು ಬರುತ್ತಾನೆ ಅಂತ ಮುಂಚೆಯೇ ಸಾರಿದ ಸ್ನಾನಿಕ ಯೋಹಾನ ಸೆರೆಮನೆಯಿಂದ ಯೇಸುವಿಗೆ ಹೇಳಿಕಳಿಸಿದ್ದು ನೆನಪಿದೆಯಾ? ಬರಬೇಕಾದವನು ನೀನೋ, ನಾವು ಬೇರೆಯವನಿಗೆ ಕಾಯಬೇಕೋ ಅಂತ. ಆ ಪ್ರಶ್ನೆ ತಂದವರು ಹೋದ ಮೇಲೆ ಯೇಸು ಯೋಹಾನನನ್ನು ಹೊಗಳುತ್ತಾನೆ. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಅವನಿಗಿಂತ ದೊಡ್ಡವನಿಲ್ಲ ಅನ್ನುತ್ತಾನೆ. ಮತ್ತಾಯದ ಕೊನೆಯ ಅಧ್ಯಾಯದಲ್ಲಿ, ಜೀವಂತನಾಗಿ ಎದ್ದ ಯೇಸು ಕಣ್ಣೆದುರಿಗೇ ಇರುವಾಗಲೂ ಕೆಲವರು ಸಂದೇಹಪಟ್ಟರು ಅಂತ ಬರೆದಿದೆ. ಅವರನ್ನು ಅವನು ಬೇರೆ ಸಾಲಿನಲ್ಲಿ ನಿಲ್ಲಿಸಲಿಲ್ಲ. ಹೋಗಿ ಎಲ್ಲಾ ಜನಗಳನ್ನೂ ಶಿಷ್ಯರನ್ನಾಗಿ ಮಾಡಿ ಅಂತ ಕೆಲಸ ಕೊಟ್ಟದ್ದು ಅವರಿಗೂ ಸೇರಿಸಿಯೇ. ಯೂದನ ಪತ್ರಿಕೆ ಒಂದೇ ಅಧ್ಯಾಯ. ಸಂಶಯಪಡುವವರಿಗೆ ಕರುಣೆ ತೋರಿಸಿರಿ ಅಂತ ಅದರಲ್ಲೂ ಇದೆ.

ಮಾರ್ಕ 9ನ್ನು ಇನ್ನೂ ಸ್ವಲ್ಪ ಮುಂದೆ ಓದಿ. ಹುಡುಗನನ್ನು ವಾಸಿ ಮಾಡಲಾಗದ ಶಿಷ್ಯರು ಕಪೆರ್ನೌಮ್ ಊರಿಗೆ ಹೋಗುವ ದಾರಿಯಲ್ಲಿ ಏನು ಮಾತಾಡುತ್ತಿದ್ದರು ಗೊತ್ತಾ? ನಮ್ಮಲ್ಲಿ ಯಾರು ದೊಡ್ಡವನು ಅಂತ! ಯೇಸು ಕೇಳಿದಾಗ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಅವನು ಒಂದು ಮಗುವನ್ನು ತಂದು ನಡುವೆ ನಿಲ್ಲಿಸಿ ಅಪ್ಪಿಕೊಂಡ. ಇನ್ನೊಬ್ಬರ ಎದೆಯೊಳಗಿನ ನಂಬಿಕೆಯನ್ನು ತಕ್ಕಡಿಯಲ್ಲಿ ಇಡುವ ಧೈರ್ಯ ನಮಗೆ ಎಲ್ಲಿಂದ ಬಂತು? ಮೈಕ್ ಕೈಯಲ್ಲಿದ್ದ ಮಾತ್ರಕ್ಕೆ ಬರುವುದಾ?

ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ನಿನ್ನೆ ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ. ಅವರು ಆ ಮಾತಿಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವರು ಹೇಳಿದ್ದು ನಿಜಾನೇನೋ ಕಣೇ. ಕೊನೆ ವಾರ ನನಗೂ ಅನುಮಾನ ಬಂದಿತ್ತು" ಅಂದರು. ಆ ತಂದೆಯ ಕಥೆ ಹೇಳಿದೆ. ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ, "ನನ್ನ ಪುಸ್ತಕದಲ್ಲಿ ಅಕ್ಷರ ತುಂಬಾ ಸಣ್ಣ. ನೀನೇ ಬಂದು ಓದು" ಅಂದರು.

ಅಮ್ಮನ ದೊಡ್ಡಕ್ಷರದ ಸತ್ಯವೇದವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಸಂಜೆ ಹೋಗುತ್ತಿದ್ದೇನೆ.