ಎಷ್ಟು ವಾಟ್?

ಅಡುಗೆಮನೆಯ ಬಲ್ಬು ಹೋಯಿತು. ಸುಮ್ನೆ ಹೋಗಲಿಲ್ಲ. ಎರಡು ಸಲ ಮಿಣುಕಿ, ಸಾರಿಗೆ ಒಗ್ಗರಣೆ ಹಾಕುವ ಹೊತ್ತು ನೋಡಿಕೊಂಡೇ ಆರಿತು. ಹೆಂಡತಿ ತನ್ನ ಮೊಬೈಲಿನ ಟಾರ್ಚು ಹಚ್ಚಿ ಡಬ್ಬಕ್ಕೆ ಒರಗಿಸಿಟ್ಟಳು. ನನ್ನ ಕೈಗೆ ಚೀಲ ಕೊಟ್ಟಳು. ಒಂದು ಬಲ್ಬಿಗೆ ಚೀಲ ಯಾಕೆ ಅಂತ ಕೇಳುವ ಹಾಗಿಲ್ಲ. ಹೇಗೂ ಹೊರಟಿದ್ದೀರಲ್ಲ ಅಂತ ಕೊತ್ತಂಬರಿ, ಲಿಂಬೆಹಣ್ಣು, ಮೊಸರು ಎಲ್ಲ ಅದಕ್ಕೆ ಬಂದು ಸೇರುತ್ತವೆ.

ಅಂಗಡಿಯವನು ತಲೆ ಎತ್ತದೆ “ಕಿತೀ ವಾಟ್?” ಅಂದ. ಮುಂಬಯಿ ಹತ್ತಿರದ ಈ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಅಡುಗೆಮನೆಗೆ ಸಾಕಾಗುವಷ್ಟು ಅಂದೆ. ಅವನು 9 ವಾಟಿನದು ಕೊಟ್ಟ. ಡಬ್ಬದ ಮೇಲೆ 900 ಲ್ಯೂಮೆನ್ ಅಂತಲೂ ಬರೆದಿತ್ತು. ವಾಟ್ ಅಂದರೆ ಬಲ್ಬು ತಿನ್ನುವುದು, ಲ್ಯೂಮೆನ್ ಅಂದರೆ ಅದು ಕೊಡುವುದು. ಮನುಷ್ಯರಿಗೂ ಹೀಗೆ ಎರಡೂ ಅಂಕಿ ಬರೆದ ಡಬ್ಬ ಇದ್ದಿದ್ದರೆ ಹೆಣ್ಣು ಗಂಡು ನೋಡುವವರಿಗೆ ಎಷ್ಟು ಅನುಕೂಲವಾಗುತ್ತಿತ್ತು!

ವಾಪಸು ಬರುವಾಗ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತೆ. ಅಲ್ಲಿ ನಿಲ್ಲಬಾರದು, ಹಿಂದಿನವರು ಬೈಯುತ್ತಾರೆ. ಆದರೂ ಕಂಬಿಗೆ ಒರಗಿ ಠಾಕುರ್ಲಿ ಕಡೆಯಿಂದ ಬರುವ ಲೋಕಲಿನ ದೀಪ ನೋಡುವುದು ನನ್ನ ಹಳೆಯ ಚಟ. ಮೊದಲು ಅದೊಂದು ಚುಕ್ಕೆ. ಬಹಳ ಹೊತ್ತು ಚುಕ್ಕೆಯೇ. ಬರುತ್ತಿದೆಯೋ, ಸಿಗ್ನಲ್ಲಿಗೆ ನಿಂತಿದೆಯೋ ತಿಳಿಯುವುದಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಗಾಡಿ ಒಂದೇ ವೇಗದಲ್ಲಿ ಬಂದರೂ ಬೆಳಕು ಒಂದೇ ಸಮನೆ ಏರುವುದಿಲ್ಲ. ದೂರ ಅರ್ಧವಾದರೆ ಬೆಳಕು 4 ಪಟ್ಟು. 800 ಮೀಟರಿನಲ್ಲಿ ಇದ್ದದ್ದು 400ಕ್ಕೆ ಬಂದರೆ 4 ಪಟ್ಟು, 200ಕ್ಕೆ ಬಂದರೆ 16 ಪಟ್ಟು, 100ಕ್ಕೆ ಬಂದರೆ 64 ಪಟ್ಟು. ಗಲಾಟೆಯೆಲ್ಲ ಕೊನೆಗಳಿಗೆಯಲ್ಲೇ, ನಮ್ಮ ಮದುವೆ ಮನೆಗಳ ಹಾಗೆ.

ಚುಕ್ಕೆಯಾಗಿದ್ದಾಗ ಇನ್ನೊಂದು ತಮಾಷೆ ಇದೆ. ಮಂಕು ದೀಪ ಹತ್ತಿರ ಇದ್ದರೂ ಅಷ್ಟೇ ಕಾಣುತ್ತದೆ, ಜೋರು ದೀಪ ದೂರ ಇದ್ದರೂ ಅಷ್ಟೇ ಕಾಣುತ್ತದೆ. ನಕ್ಷತ್ರಗಳೂ ಹೀಗೇ. ಎಷ್ಟು ವಾಟ್ ಅಂತ ಕೇಳೋಣ ಅಂದರೆ ಡಬ್ಬವಿಲ್ಲ.

ಮನೆಗೆ ಬಂದರೆ ಮಾವ ಇಲ್ಲ, ಮಗಳೂ ಇಲ್ಲ. ಇಬ್ಬರೂ ಟೆರೇಸ್ ಹತ್ತಿದ್ದರು. ಹಿಂದಿನ ದಿನ ಅವಳನ್ನು ಶಾಲೆಯಿಂದ ವರ್ಲಿಯ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದರು. 1977ರಿಂದ ಮುಂಬಯಿಯ ಮಕ್ಕಳೆಲ್ಲ ನಕ್ಷತ್ರ ನೋಡುವುದು ಅಲ್ಲಿಯೇ, ಮಟಮಟ ಮಧ್ಯಾಹ್ನ, ಏಸಿಯಲ್ಲಿ ಕೂತು. ಊಟಕ್ಕೆ ಕರೆಯೋಣ ಅಂತ ಚೀಲದ ಸಮೇತ ನಾನೂ ಹತ್ತಿದೆ.

ಫೆಬ್ರವರಿ, ಒಂಬತ್ತು ದಾಟಿತ್ತು. ದಕ್ಷಿಣದ ಆಕಾಶದಲ್ಲಿ ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ, ಚೆನ್ನಾಗಿ ಮೇಲೇರಿತ್ತು. “ಅಜ್ಜ, ಅದು ಮೈನಸ್ 1.46” ಎಂದಳು ಮಗಳು.

“ಮೈನಸ್ಸಾ? ಎಂತದು ಮಾರಾಯ್ತಿ, ಅಷ್ಟು ಹೊಳೆಯುವುದಕ್ಕೆ ಮೈನಸ್ ಹಾಕಿದ್ದು ಯಾರು?”

ಮಾವ ಕುಂದಾಪುರದ ಕಡೆಯವರು. ದಾದರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತೈದು ವರ್ಷ ಕೂತವರು. ಅವರಿಗೆ ಮೈನಸ್ ಅಂದರೆ ರಾತ್ರಿ ಲೆಕ್ಕ ಮುಗಿಸುವಾಗ ಕಡಿಮೆ ಬೀಳುವ ದುಡ್ಡು. ಅದು ಹೊಳೆಯುವ ವಸ್ತುವಲ್ಲ.

ನಾನು ಬಿಡಿಸಿ ಹೇಳಲು ಹೊರಟೆ. ಇದು ಗ್ರೀಕರ ಕಾಲದ ಲೆಕ್ಕ, ಹಿಪ್ಪಾರ್ಕಸ್ ಹೆಸರಿನಲ್ಲಿ ಹೇಳುತ್ತಾರೆ. ಜೋರಾಗಿ ಹೊಳೆಯುವ ನಕ್ಷತ್ರಕ್ಕೆ ಒಂದನೇ ದರ್ಜೆ, ಕಣ್ಣಿಗೆ ಕಂಡೂ ಕಾಣದ್ದಕ್ಕೆ ಆರನೇ ದರ್ಜೆ. ನಮ್ಮ ಲೋಕಲಿನ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಇದ್ದ ಹಾಗೆ. 1856ರಲ್ಲಿ ನಾರ್ಮನ್ ಪಾಗ್ಸನ್ ಅದಕ್ಕೊಂದು ಗಣಿತ ಕೂರಿಸಿದ. ಒಂದನೇ ದರ್ಜೆಯದು ಆರನೆಯದಕ್ಕಿಂತ ಸರಿಯಾಗಿ 100 ಪಟ್ಟು ಜಾಸ್ತಿ ಹೊಳೆಯಬೇಕು. ಅಂದರೆ ಒಂದೊಂದು ಮೆಟ್ಟಿಲಿಗೆ ಸುಮಾರು ಎರಡೂವರೆ ಪಟ್ಟು. ಹಾಗೆ ಅಳೆಯುತ್ತಾ ಹೋದರೆ ಕೆಲವು ಫಸ್ಟ್ ಕ್ಲಾಸಿನಲ್ಲೂ ಹಿಡಿಸಲಿಲ್ಲ. ಸೊನ್ನೆಗೆ ಹೋದವು, ಲುಬ್ಧಕ ಸೊನ್ನೆಯನ್ನೂ ದಾಟಿತು. ಈ ಪಾಗ್ಸನ್ ಆಮೇಲೆ ಮದ್ರಾಸಿನ ವೀಕ್ಷಣಾಲಯಕ್ಕೆ ಬಂದು ಮೂವತ್ತು ವರ್ಷ ಅಲ್ಲೇ ಇದ್ದು ತೀರಿಕೊಂಡ.

“ಮದ್ರಾಸಾ? ಹಾಗಾದ್ರೆ ಲೆಕ್ಕ ಸರಿಯಿರ್ತದೆ” ಅಂದರು ಮಾವ.

ಅರುಂಧತಿ ಸುಮಾರು 4ನೇ ದರ್ಜೆಯದು. ಡೊಂಬಿವಲಿಯ ಆಕಾಶದಲ್ಲಿ ನಾನು ಅದನ್ನು ಒಮ್ಮೆಯೂ ಕಂಡಿಲ್ಲ. ಆದರೂ ಮೊನ್ನೆ ನಡೆದ ಮದುವೆಯಲ್ಲಿ ಪುರೋಹಿತರು ಹಗಲು ಹನ್ನೆರಡೂವರೆಗೆ ಬೆರಳೆತ್ತಿ ತೋರಿಸಿದರು. ಮದುಮಗಳು ಹಾಲಿನ ಫ್ಯಾನ್ ನೋಡಿ ಕಂಡಿತು ಎಂದು ತಲೆಯಾಡಿಸಿದಳು. ಸಂಸಾರಕ್ಕೆ ಬೇಕಾದ ಮೊದಲ ಪಾಠ ಅಲ್ಲೇ ಆಯಿತು, ಅಲ್ವಾ?

ಇದೆಲ್ಲ ಕಣ್ಣಿಗೆ ಕಾಣುವ ಹೊಳಪಿನ ಲೆಕ್ಕ. ಅಸಲು ಎಷ್ಟು ಅಂತ ಗೊತ್ತಾಗಬೇಕಾದರೆ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಬೇಕು. ಖಗೋಳದವರು ಆ ಗೆರೆಯನ್ನು 32.6 ಜ್ಯೋತಿರ್ವರ್ಷ ದೂರದಲ್ಲಿ ಎಳೆದಿದ್ದಾರೆ. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ. ನಮ್ಮ ಸೂರ್ಯ ಕೊಡುವುದು 38ರ ಮುಂದೆ 25 ಸೊನ್ನೆ ಹಾಕಿದಷ್ಟು ವಾಟ್. ಅಂಗಡಿಯವನಿಗೆ ಹೇಳಿದರೆ ಸ್ಟಾಕ್ ಇಲ್ಲ ಅಂತಾನೆ. ಅಂಥ ಸೂರ್ಯನನ್ನು ಆ ಗೆರೆಯ ಮೇಲೆ ನಿಲ್ಲಿಸಿದರೆ 4.8ನೇ ದರ್ಜೆ. ಅರುಂಧತಿಗಿಂತ ಮಂಕು! ಮೇ ತಿಂಗಳ ಲೋಕಲಿನಲ್ಲಿ ನಮ್ಮನ್ನು ಹುರಿದು ಹಾಕುವವನು ನಮ್ಮ ಟೆರೇಸಿನಿಂದ ಕಾಣುತ್ತಲೂ ಇರಲಿಲ್ಲ.

“ಅಷ್ಟು ದೂರ ಅಂತ ಅಳೆದದ್ದು ಹೇಗೆ ಮಾರಾಯ್ರೆ?” ಮಾವನ ಪ್ರಶ್ನೆ ಸರಿಯಾಗಿಯೇ ಇತ್ತು. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ ಅಂದೆ. ಬೆರಳು ಆಚೆ ಈಚೆ ಜಿಗಿಯಿತು. ಭೂಮಿ ಸೂರ್ಯನ ಆ ಕಡೆ ಇದ್ದಾಗ ಒಮ್ಮೆ, ಆರು ತಿಂಗಳಾದ ಮೇಲೆ ಈ ಕಡೆಯಿಂದ ಒಮ್ಮೆ ನೋಡಿದರೆ ಹತ್ತಿರದ ನಕ್ಷತ್ರ ಹಾಗೆ ಚೂರು ಸರಿಯುತ್ತದೆ. 1838ರಲ್ಲಿ ಬೆಸೆಲ್ ಒಂದು ನಕ್ಷತ್ರದ ದೂರ ಹೀಗೆ ತೆಗೆದ. ಬಹಳ ದೂರದವು ಈ ಉಪಾಯಕ್ಕೆ ಜಗ್ಗುವುದಿಲ್ಲ. ಅಲ್ಲಿ ಕೈ ಹಿಡಿದವಳು ಹಾರ್ವರ್ಡಿನ ಹೆನ್ರಿಯೆಟಾ ಲೆವಿಟ್. ಕೆಲವು ನಕ್ಷತ್ರ ತಾಳ ಹಾಕಿದ ಹಾಗೆ ಏರಿ ಇಳಿದು ಹೊಳೆಯುತ್ತವೆ. ಅವುಗಳಲ್ಲಿ ನಿಧಾನಕ್ಕೆ ಮಿಣುಕುವುದರ ಅಸಲು ಬೆಳಕು ಜಾಸ್ತಿ ಅಂತ 1912ರಲ್ಲಿ ಅವಳು ತೋರಿಸಿದಳು. ಮಿಣುಕುವ ಲಯ ಎಣಿಸಿದರೆ ಸಾಕು, ಡಬ್ಬದ ಮೇಲಿನ ವಾಟ್ ಓದಿದ ಹಾಗೆ. ಅಸಲು ತಿಳಿದರೆ, ಕಾಣುವ ಹೊಳಪಿನಿಂದ ದೂರ ತಾನಾಗಿ ಸಿಗುತ್ತದೆ.

“ಅವಳಿಗೆ ಸಂಬಳ ಎಷ್ಟು?”

“ಗಂಟೆಗೆ 30 ಸೆಂಟ್, ಮಾವ.”

ಮಾವ ನಾಲಿಗೆ ಲೊಚಗುಟ್ಟಿದರು. ಗಲ್ಲಾದ ಈಚೆ ಬದಿಯ ಲೆಕ್ಕವೂ ಅವರಿಗೆ ಗೊತ್ತು.

ಮಗಳಿಗೆ ಈಗ ಅಗಸ್ತ್ಯ ನಕ್ಷತ್ರ ಬೇಕಿತ್ತು. ಲುಬ್ಧಕದಿಂದ ನೇರ ಕೆಳಗೆ ಇಳಿದರೆ ಸಿಗಬೇಕು. ಇಲ್ಲಿಂದ ಅದು ಏರುವುದೇ ಹದಿನೆಂಟು ಡಿಗ್ರಿ. “ಅದೇ ಅಲ್ವಾ, ಕೆಂಪಗೆ?” ಎಂದರು ಮಾವ. ಅದು ಹೊಸ ಟವರಿನ ಕ್ರೇನಿನ ದೀಪ. ನೀರಿನ ಟಾಂಕಿಯ ಆಚೆ ನಾಲ್ಕು ಹೆಜ್ಜೆ ಹೋದಾಗ ಕ್ರೇನಿನ ಎಡಕ್ಕೆ, ಹೊಗೆಯ ನಡುವೆ ನಿಜವಾದದ್ದು ಕಂಡಿತು.

“ಇಷ್ಟೇನಾ?”

ಇಷ್ಟೇ. ಲುಬ್ಧಕ 8.6 ಜ್ಯೋತಿರ್ವರ್ಷ ದೂರದಲ್ಲಿದೆ, ಸೂರ್ಯನ ಸುಮಾರು 25 ಪಟ್ಟು ಬೆಳಕು. ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ ದೂರ, ಬೆಳಕು ಸೂರ್ಯನ ಹತ್ತು ಸಾವಿರ ಪಟ್ಟಿಗೂ ಜಾಸ್ತಿ. ನಾವು ನೋಡುತ್ತಿದ್ದ ಬೆಳಕು ಅಲ್ಲಿಂದ ಹೊರಟಾಗ ಮುಂಬಯಿ ಇನ್ನೂ ಬಿಡಿಬಿಡಿ ದ್ವೀಪ. ಅಗಸ್ತ್ಯನನ್ನು ಎತ್ತಿ ಲುಬ್ಧಕದ ಜಾಗದಲ್ಲಿ ಇಟ್ಟರೆ ಕುಂದಾಪುರದ ಗದ್ದೆಯಲ್ಲಿ ರಾತ್ರಿ ನಮ್ಮ ನೆರಳು ಬೀಳುತ್ತಿತ್ತು. ಇದನ್ನೆಲ್ಲ ಹೇಳಿ ಮುಗಿಸಿದಾಗ ಮಾವ ನನ್ನ ಚೀಲದೊಳಗೆ ಕೈ ಹಾಕಿದ್ದರು. ಕೊತ್ತಂಬರಿ ಸರಿಸಿ ಬಲ್ಬಿನ ಡಬ್ಬ ತೆಗೆದು, ಕನ್ನಡಕ ಏರಿಸಿ, ಮೆಟ್ಟಿಲಿನ ದೀಪಕ್ಕೆ ಹಿಡಿದು ಓದಿದರು.

“900 ಅಂತ ಬರೆದಿದ್ದಾರೆ. ಇದು ಎಷ್ಟು ದೂರದಿಂದ ನೋಡಿದ ಲೆಕ್ಕ?”

ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಹೆಂಡತಿಯ ದನಿ ಬಂತು. ಮೊಬೈಲಿನ ಚಾರ್ಜು ಮುಗಿದಿತ್ತಂತೆ.