ಗೋಡೆಯ ಈ ಕಡೆ ದುರಸ್ತಿ, ಆ ಕಡೆ ಮನೆ

ನಮ್ಮ ವಿಜಯಪುರದ ಹಳೇ ಊರಿನಲ್ಲಿ ಹೊಸ ಮನೆ ಕಟ್ಟೋರು ಯಾರೂ ಇಲ್ಲ. ಎಲ್ಲರೂ ದುರಸ್ತಿ ಮಾಡುತ್ತಾರೆ. ನಮ್ಮ ಓಣಿಯಲ್ಲೇ ಒಂದು ಮಣ್ಣಿನ ಮಾಳಿಗೆ ಮನೆಗೆ ದುರಸ್ತಿ ಶುರುವಾಗಿತ್ತು. ಈಗ ಅದು ಮೂರು ಅಂತಸ್ತು. ಮುಂದೆಲ್ಲ ಗಾಜು, ಕೆಳಗೆ ಮೊಬೈಲ್ ಅಂಗಡಿ. ಹಳೆಯದರಲ್ಲಿ ಉಳಿದದ್ದು ಹೊಸ್ತಿಲು ಒಂದೇ. ಅದನ್ನೂ ಅಜ್ಜಿ ಬೈದಳು ಅಂತ ಬಿಟ್ಟಿದ್ದಾರೆ.

ಸುಮ್ನೆ ಅಲ್ಲ, ಇದಕ್ಕೊಂದು ಕಾನೂನು ಇದೆ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸಂರಕ್ಷಿತ ಸ್ಮಾರಕದ ಸರಹದ್ದಿನಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಇದ್ದದ್ದನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಸಿಕ್ಕರೆ ಕಟ್ಟಬಹುದು. ಮೀರಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕಾನೂನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಇಷ್ಟೊತ್ತಿಗೆ ಗೋಲಗುಮ್ಮಟದ ಬೆನ್ನಿಗೇ ಯಾರಾದರೂ ಲಾಡ್ಜ್ ಹಚ್ಚಿರುತ್ತಿದ್ದರು. ಆದರೆ ಆದಿಲ್‌ಶಾಹಿಗಳು ಸುಮಾರು 200 ವರ್ಷ ಈ ಊರಲ್ಲಿ ಗೌಂಡಿಗಳಿಗೆ ಬಿಡುವೇ ಕೊಡಲಿಲ್ಲ. ತಿರುಗಿದಲ್ಲಿ ಗುಮ್ಮಟ, ಮಸೀದಿ, ಬಾವಡಿ, ಬುರುಜು. ಒಂದರ ಗೆರೆ ದಾಟಿದೆ ಅನ್ನುವಷ್ಟರಲ್ಲಿ ಇನ್ನೊಂದರ ಗೆರೆ ಕಾಲಿಗೆ ತೊಡರುತ್ತದೆ.

ನಮ್ಮ ಕಾಕಾನ ಮನೆ ಇಂಥದ್ದೇ ಒಂದು ಗೆರೆಯ ಮೇಲಿದೆ. ಮೇಲಿದೆ ಅಂದರೆ ನಿಜವಾಗಿಯೂ ಮೇಲೆ. ಟೇಪು ಹಿಡಿದು ಅಳೆದಾಗ ಪಡಸಾಲೆ, ಅಡಿಗೆಮನೆ, ದೇವರ ಜಗಲಿ ಎಲ್ಲ 100 ಮೀಟರಿನ ಒಳಗೆ ಬಂದವು. ಹಿತ್ತಲು ಹೊರಗೆ ಉಳಿಯಿತು. ಗೆರೆ ಹೋದದ್ದು ಸರಿಯಾಗಿ ಹಿಂದಿನ ಗೋಡೆಯ ನಡುವೆ. ಹಳೇ ಕಾಲದ ಕಲ್ಲು-ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ಅದರಲ್ಲಿ ಒಂದು ಅಡಿ ನಿಷೇಧಿತ, ಒಂದು ಅಡಿ ನಿಯಂತ್ರಿತ. ಕಾಕಾ ಈ ಕಡೆಯಿಂದ ಮೊಳೆ ಹೊಡೆದರೆ ದುರಸ್ತಿ. ಮೊಳೆ ಉದ್ದವಾಗಿ ಆ ಕಡೆ ಹಣಿಕಿದರೆ ನಿರ್ಮಾಣ!

ಕಾಕಾನಿಗೆ ಇಬ್ಬರು ಗಂಡುಮಕ್ಕಳು. ಸಣ್ಣವನ ಮದುವೆ ಆಯಿತು. ಆರು ತಿಂಗಳಿಗೆ ಇಬ್ಬರು ಸೊಸೆಯಂದಿರ ಒಲೆ ಬೇರೆಯಾಯಿತು. ಹಿತ್ತಲಲ್ಲಿ, ಅದೇ ಗೋಡೆಗೆ ಹಚ್ಚಿ ಸಣ್ಣವನಿಗೊಂದು ಮನೆ ಕಟ್ಟೋಣ ಅಂತ ನಿರ್ಧಾರವಾಯಿತು. ಇಂಜಿನಿಯರ್ ನಕ್ಷೆ ತಂದ. ಅದರ ಮೇಲೆ ‘ಸೆಮಿ ಡಿಟ್ಯಾಚ್ಡ್’ ಅಂತ ಬರೆದಿತ್ತು.

“ಹಂಗಂದ್ರ ಏನೋ ತಮ್ಮಾ?” ಅಂದರು ಕಾಕಾ.

“ಒಂದು ಗೋಡಿ ಹತ್ತಿರತೈತ್ರಿ ಕಾಕಾ, ಉಳಿದದ್ದೆಲ್ಲ ಬ್ಯಾರೆ.”

ಕಾಕಾ ಒಳಗೆ ಪಾತ್ರೆ ಕುಕ್ಕುವ ಸದ್ದು ಕೇಳಿಸಿಕೊಂಡರು. “ಹಂಗಾದ್ರ ಅದು ಆಗಲೇ ಆಗೇತಿ. ನೀ ಬರೇ ಸಿಮೆಂಟ್ ಹಾಕು” ಅಂದರು.

ಕಷ್ಟ ಶುರುವಾದದ್ದು ಗೌಂಡಿ ಬಂದ ಮೇಲೆ. ಅವನು ಬುನಾದಿಯ ಮಣ್ಣು ಕೈಯಲ್ಲಿ ಹಿಸುಕಿ ನೋಡಿದ. ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಳೇ ಗೋಡೆ ಕೂರುವಷ್ಟು ಕೂತು ಸುಮ್ಮನಾಗಿದೆ. ಹೊಸ ಕಂಬಗಳು ಇನ್ನು ಮೇಲೆ ಕೂರಬೇಕು. ಎರಡನ್ನೂ ಬಿಗಿದು ಕಟ್ಟಿದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ. “ಹಳೇ ಗೋಡಿಗೆ ಹೊಸಾದ್ದು ಕಟ್ಟಬ್ಯಾಡ್ರಿ. ಬಾಜೂಕ ನಿಲ್ಲಸ್ರಿ. ನಡುವ ಒಂದಿಂಚು ಬಿಡ್ರಿ, ಮ್ಯಾಲ ಪತ್ರಾ ಮುಚ್ಚಿ ನೀರು ಇಳೀದಂಗ ಮಾಡ್ರಿ” ಅಂದ. ಯಾವ ಕಾಲೇಜಿನಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ, ಜಾಸ್ತಿ ಫೀಸು ತಗೊಂಡು.

ಆ ಒಂದಿಂಚು ನಕ್ಷೆಯಲ್ಲಿ ಕಚೇರಿಗೆ ಹೋಯಿತು. ಯಾವ ಕಚೇರಿ ಅಂತ ಕೇಳಬೇಡಿ, ನಾನು ಇನ್ನೂ ಈ ಊರಲ್ಲೇ ಇರಬೇಕು.

“ನಡುವ ಸಂದು ಐತಿ. ಅಂದ ಮ್ಯಾಲ ಇವು ಎರಡು ಬ್ಯಾರೆ ಬ್ಯಾರೆ ಮನಿ. ಬಾಜೂಕ ಜಾಗಾ ಬಿಡಬೇಕಾಕ್ಕೈತಿ. ಒಂದಿಂಚು ಸಾಲಂಗಿಲ್ಲ” ಅಂದರು ಸಾಹೇಬರು.

“ಹಂಗಾದ್ರ ಸಂದು ತೆಗೀತೀವಿ ಸಾಹೇಬ್ರ.”

“ಸಂದು ತೆಗೆದ್ರ ಅದು ನಿಷೇಧಿತ ಮನಿಗೆ ಹಚ್ಚಿದ ಹೊಸ ಕಟ್ಟಡ. ಅದೂ ಬರಂಗಿಲ್ಲ.”

ಅಂದರೆ ಮನೆ ಅಂಟಿಕೊಂಡಿರಬೇಕು, ಆದರೆ ಮುಟ್ಟಬಾರದು. ಬೇರೆ ಇರಬೇಕು, ಆದರೆ ನಡುವೆ ಸಂದು ಇರಬಾರದು. ಕರೆಂಟಿನವರು, ಎರಡು ಕರೆಂಟ್ ಮೀಟರು ಬೇಕಾದರೆ ಎರಡು ಮನೆ ತೋರಿಸಿ ಅಂದರು. ಉತಾರದಲ್ಲಿ ಒಂದೇ ಮನೆ. ರೇಷನ್ ಕಾರ್ಡಿನಲ್ಲಿ ಎರಡು ಸಂಸಾರ. ಸೆಮಿ ಡಿಟ್ಯಾಚ್ಡ್ ಅಂದರೆ ಏನು ಅಂತ ಕಾಕಾನಿಗೆ ಆಗ ಪೂರ್ತಿ ತಿಳಿಯಿತು.

ನನಗೆ ಈ ಊರಿನ ಹಳೇ ಕಥೆ ನೆನಪಾಯಿತು. ಬಾರಾ ಕಮಾನು ಅರ್ಧಕ್ಕೇ ನಿಂತಿದೆಯಲ್ಲ, ಅದು ಎರಡನೇ ಅಲಿ ಆದಿಲ್‌ಶಾಹನ ಸಮಾಧಿ. 1672ರಲ್ಲಿ ಅವನು ತೀರಿಕೊಂಡ. ಆದರೆ ಜನ ಹೇಳೋದೇ ಬೇರೆ. ಅದು ಪೂರ್ತಿಯಾದರೆ ಅದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತದೆ ಅಂತ ಕೆಲಸ ನಿಲ್ಲಿಸಿದರಂತೆ. ಕಥೆ ನಿಜವಾದರೆ ಅದೇ ಈ ಊರಿನ ಮೊದಲ ತಕರಾರು ಅರ್ಜಿ. ಪಾಪ, ದುರಸ್ತಿ ಅಂತ ಬರೆದುಕೊಟ್ಟಿದ್ದರೆ ಮೇಲೆ ಗುಮ್ಮಟವೂ ಏಳುತ್ತಿತ್ತೇನೋ.

ಸರ್ಕಾರ ಮಾತ್ರ ಈ ವಿದ್ಯೆಯನ್ನು ಬಹಳ ಹಿಂದೆಯೇ ಕಲಿತಿತ್ತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಬಿದ್ದ ಅರಮನೆಗಳನ್ನು ದುರಸ್ತಿ ಮಾಡಿ ಕಚೇರಿ ಮಾಡಿಕೊಂಡರು. ಸುಲ್ತಾನ ಕೂರುತ್ತಿದ್ದ ಕಡೆ ಗುಮಾಸ್ತ ಕೂತ. 100 ಮೀಟರ್ ಬಿಡಿ, ಸೊನ್ನೆ ಮೀಟರ್!

ಕೊನೆಗೆ ಊರಿನ ದಾರಿಯನ್ನೇ ಕಾಕಾ ಹಿಡಿದರು. ಅರ್ಜಿಯಲ್ಲಿ ‘ಹಿಂದಿನ ಗೋಡೆಯ ದುರಸ್ತಿ’ ಅಂತ ಬರೆಸಿದರು. ಗೋಡೆಗೆ ಆಸರೆಯಾಗಿ ಇನ್ನೊಂದು ಗೋಡೆ. ಆಸರೆ ಗೋಡೆ ಬೀಳದಂತೆ ಅಕ್ಕಪಕ್ಕ ಎರಡು. ನಾಲ್ಕೂ ಮಳೆಗೆ ನೆನೆಯದಂತೆ ಮೇಲೊಂದು ಸ್ಲ್ಯಾಬು. ಗಾಳಿ ಆಡಲಿ ಅಂತ ಕಿಟಕಿ, ದುರಸ್ತಿ ನೋಡಿಕೊಳ್ಳುವವರು ಓಡಾಡಲಿ ಅಂತ ಬಾಗಿಲು. ಒಳಗೆ ಸೊಸೆ ಹಾಲು ಉಕ್ಕಿಸಿದಳು. ಊಟಕ್ಕೆ ಹೋಳಿಗೆ ಇತ್ತು, ನಾನೂ ಉಂಡು ಬಂದೆ. ಬರುವಾಗ ಬಗ್ಗಿ ನೋಡಿದೆ, ಗೌಂಡಿ ಹೇಳಿದ ಆ ಒಂದಿಂಚು ಎಲ್ಲೂ ಇರಲಿಲ್ಲ. ಸಂದು ಕಂಡರೆ ಎರಡು ಮನೆ ಅಂತಾರೆ ಅಂತ ಹೆದರಿ ಸಿಮೆಂಟು ತುಂಬಿಸಿದ್ದರು.

ಮುಂದಿನ ಮಳೆಗಾಲಕ್ಕೆ ಗೌಂಡಿಯ ಮಾತು ನಿಜವಾಯಿತು. ಗೋಡೆ ಮೇಲಿನಿಂದ ಕೆಳಗಿನ ತನಕ ಬಿರಿಯಿತು. ಸರ್ವೆ ಮಾಡಿದವರಿಗೂ ಅಷ್ಟು ನೇರ ಗೆರೆ ಎಳೆಯಲು ಆಗಿರಲಿಲ್ಲ. ಪಡಸಾಲೆಯಲ್ಲಿ ಕೂತರೆ ಸಣ್ಣ ಸೊಸೆಯ ಟೀವಿ ಧಾರಾವಾಹಿ ಬಿರುಕಿನಲ್ಲೇ ಕೇಳುತ್ತದೆ.

ಈ ಸಲ ಕಾಕಾನಿಗೆ ಬೇಕಿದ್ದದ್ದು ನಿಜವಾದ ದುರಸ್ತಿ. ಎರಡು ಚೀಲ ಸಿಮೆಂಟು, ಒಂದು ದಿನದ ಕೆಲಸ. ಅರ್ಜಿ ಹಿಡಿದು ಮತ್ತೆ ಅದೇ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ. ಗುಮಾಸ್ತ ಅರ್ಜಿ ಓದಿದ, ತಿರುಗಿಸಿ ನೋಡಿದ, ಚಾಳೀಸು ತೆಗೆದು ಮೇಜಿನ ಮೇಲಿಟ್ಟ.

“ದುರಸ್ತಿ ಅಂತ ಬರದೀರಿ, ಬರೋಬ್ಬರಿ ಐತ್ರಿ ಕಾಕಾ. ಎಷ್ಟು ಅಂತಸ್ತು?”